ನಳದ ನೀರಲ್ಲಿ ಸೀಸ: ಹಳೇ ಮನೆಯಲ್ಲಿ ನಾನು ಏನು ನೋಡಿದೆ, ಏನು ಬದಲಿಸಿದೆ

ನಮ್ಮ ಕಡೆ ನೀರು ಸರಿ ಇಲ್ಲ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಫ್ಲೋರೈಡು. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳಲ್ಲಿ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಸೀಸ ಹಾಗಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಫ್ಲೋರೈಡು ನೆಲದೊಳಗಿಂದ ಬರುತ್ತದೆ, ಸೀಸ ಹೆಚ್ಚಾಗಿ ಪೈಪು, ನಳ, ಜಾಯಿಂಟುಗಳಿಂದ ಬರುತ್ತದೆ. ಅಂದ್ರೆ ತುಂಗಭದ್ರೆಯ ನೀರು ಶುದ್ಧವಾಗಿ ಊರಿಗೆ ಬಂದರೂ ಮನೆಯೊಳಗಿನ ಕೊನೆಯ ಹತ್ತಡಿಯಲ್ಲಿ ಕೆಡಬಹುದು.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದು ಹಳೇ ಮಾಳಿಗೆ ಮನೆ. ಮಗಳು ಬಾಣಂತನಕ್ಕೆ ಬರುವವಳಿದ್ದಳು, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ. ಸೀಸ ಹೊಟ್ಟೆಯೊಳಗಿನ ಮಗುವಿಗೂ ತಲುಪುತ್ತದೆ, ಎಳೆ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊದಲು ಮೀಟರಿನಿಂದ ಅಡುಗೆ ಮನೆವರೆಗೆ ಪೈಪು ಹಿಡಿದುಕೊಂಡು ನಡೆದೆ. ಕೈಯಲ್ಲಿ ಒಂದು ಅಯಸ್ಕಾಂತ, ಒಂದು ಚಾಕು. ಅಯಸ್ಕಾಂತ ಅಂಟಿದರೆ ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು. ಅಂಟದೆ, ಚಾಕುವಿನಿಂದ ಕೆರೆದಾಗ ಮೆತ್ತಗೆ ಸಿಗಿದು ಬೆಳ್ಳಿಯಂತೆ ಹೊಳೆದರೆ ಅದು ಸೀಸ. ಅಂಥ ತುಂಡು ನಮ್ಮಲ್ಲಿ ಸಿಗಲಿಲ್ಲ. ಆದ್ರೆ ಸೀಸದ ಪೈಪು ಇಲ್ಲ ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತಲ್ಲ. ಹಳೇ ಜಿಐ ಪೈಪಿನ ಸತುವಿನ ಲೇಪನದಲ್ಲಿ ಸ್ವಲ್ಪ ಸೀಸ ಇರುತ್ತಿತ್ತು. ಹಿತ್ತಾಳೆ ನಳಕ್ಕೆ ಲೇತಿನಲ್ಲಿ ಕಡೆಯಲು ಸುಲಭವಾಗಲಿ ಅಂತ ಸೀಸ ಬೆರೆಸುತ್ತಾರೆ. ಇನ್ನು ಜಾಯಿಂಟುಗಳು. ಮೊದಲೆಲ್ಲ ಪೈಪಿನ ತುದಿಯ ತಿರುಪಿಗೆ ಸಣಬಿನ ನಾರು ಸುತ್ತಿ ಸಫೇದಾ ಹಚ್ಚುತ್ತಿದ್ದರು ಅಲ್ವಾ, ಆ ಹಳೇ ಸಫೇದಾ ಅಂದ್ರೆ ಎಣ್ಣೆಯಲ್ಲಿ ಕಲಸಿದ ಸೀಸದ ಬಿಳಿ ಪುಡಿ. ನಮ್ಮ ಪ್ಲಂಬರ್ ಈಗಲೂ ಅದನ್ನೇ ನೆಚ್ಚುತ್ತಾರೆ. "ಅಕ್ಕಾ, ಸಫೇದಾ ಹಚ್ಚಿದ್ರೆ ಹನಿ ಸೋರಲ್ಲ ನೋಡ್ರಿ" ಅಂದರು. ಕುಡಿಯುವ ನೀರಿನ ಲೈನಿಗೆ ಬೇಡವೇ ಬೇಡ, ಟೆಫ್ಲಾನ್ ಟೇಪೇ ಸುತ್ತಿ ಅಂತ ಪಕ್ಕದಲ್ಲೇ ನಿಂತು ಮಾಡಿಸಿದೆ.

ಪರೀಕ್ಷೆ ಮಾಡಿಸದೆ ಸುಮ್ನೆ ದುಡ್ಡು ಸುರಿಯಬೇಡಿ. ನೀರಲ್ಲಿ ಕರಗಿದ ಲವಣವನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಟಿಡಿಎಸ್ ಇರೋದು ನೂರಾರು ಮಿಲಿಗ್ರಾಂ ಲೆಕ್ಕದಲ್ಲಿ, ಹಾಗಾಗಿ ಮಿತಿ ಎರಡು ಪಟ್ಟು ಮೀರಿದರೂ ಮೀಟರಿನಲ್ಲಿ ಏನೂ ಕಾಣಲ್ಲ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಹೋಗಿ, ಸೀಸ ಅಂತ ಹೆಸರು ಹೇಳಿ ಕೇಳಿ, ಇಲ್ಲದಿದ್ದರೆ ಮಾಮೂಲಿ ಗಡಸುತನ, ಕ್ಲೋರೈಡು ಬರೆದು ಕೊಡುತ್ತಾರೆ. ನಾನು ಎರಡು ಬಾಟಲಿ ಕೊಟ್ಟೆ. ಒಂದು ರಾತ್ರಿಯಿಡೀ ನಳ ಮುಟ್ಟದೆ ಬೆಳಿಗ್ಗೆ ಹಿಡಿದ ಮೊದಲ ನೀರು, ಇನ್ನೊಂದು ಕೆಲವು ನಿಮಿಷ ಬಿಟ್ಟ ಮೇಲೆ ಹಿಡಿದದ್ದು. ಮೊದಲನೆಯದು ಮಿತಿ ಮೀರಿತ್ತು, ಎರಡನೆಯದು ಮಿತಿಯೊಳಗಿತ್ತು. ಅಲ್ಲಿಗೆ ಸೀಸ ಬರ್ತಿರೋದು ಬೀದಿಯ ಲೈನಿನಿಂದಲ್ಲ, ಅಡುಗೆ ಮನೆಯ ಹತ್ತಿರದಿಂದಲೇ ಅಂತ ಗೊತ್ತಾಯಿತು.

ಹಾಗಾಗಿ ಇಡೀ ಮನೆಯ ಪೈಪು ಕಿತ್ತಿಸಲಿಲ್ಲ. ಅಡುಗೆ ಮನೆಗೆ ಹೋಗುವ ಲೈನ್ ಮಾತ್ರ ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್ ಪೈಪು) ಮಾಡಿಸಿ, ಹಳೇ ಹಿತ್ತಾಳೆ ನಳ ತೆಗೆದು ಸ್ಟೀಲಿನದು ಹಾಕಿಸಿದೆ. ಪೈಪಿನ ಮೇಲೆ ಐಎಸ್‌ಐ ಗುರುತು, ಪಕ್ಕದಲ್ಲಿ ನಂಬರು ಓದಿಯೇ ತಗೊಳ್ಳಿ. ಯುಪಿವಿಸಿಗೆ (ತಣ್ಣೀರಿನ ಗಟ್ಟಿ ಪ್ಲಾಸ್ಟಿಕ್ ಪೈಪು) ಐಎಸ್ 4985, ಸಿಪಿವಿಸಿಗೆ ಐಎಸ್ 15778. ಗುರುತಿಲ್ಲದ ಅಗ್ಗದ ಪಿವಿಸಿ ಬೇಡ, ಅದರಲ್ಲಿ ಸೀಸದ ಸ್ಟೆಬಿಲೈಸರ್ (ಪ್ಲಾಸ್ಟಿಕ್ ಬೇಗ ಕೆಡದಂತೆ ಬೆರೆಸುವ ವಸ್ತು) ಹಾಕುವ ರೂಢಿ ಇತ್ತು, ಅದನ್ನು ನಿಲ್ಲಿಸಲೆಂದೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಕೆಲಸ ಮುಗಿದ ಮೇಲೆ ನಳದ ತುದಿಯ ಜಾಲಿ ಬಿಚ್ಚಿ ಜೋರಾಗಿ ನೀರು ಬಿಡಿ. ಪೈಪು ಕೊಯ್ದಾಗ, ಅಲ್ಲಾಡಿಸಿದಾಗ ಉದುರಿದ ಚೂರೆಲ್ಲ ಆ ಜಾಲಿಯಲ್ಲೇ ಕೂರುತ್ತದೆ.

ನಮ್ಮ ಊರಿನ ದೊಡ್ಡ ತೊಂದರೆ ಅಂದ್ರೆ ನೀರು ದಿನಾ ಬರಲ್ಲ. ನಳ ಬಿಡುವವರೆಗೆ ಬೀದಿಯಿಂದ ಮನೆಗೆ ಬರುವ ಪೈಪಲ್ಲಿ ನೀರು ದಿನಗಟ್ಟಲೆ ನಿಂತಿರುತ್ತದೆ, ನಿಂತಷ್ಟೂ ಸೀಸ ಇಳಿಯುತ್ತದೆ. ಅದಕ್ಕೇ ನಾವು ನಳ ಬಂದ ತಕ್ಷಣ ಕುಡಿಯುವ ಕೊಡ ಇಡಲ್ಲ. ಮೊದಲ ಬಕೆಟುಗಳು ಬಟ್ಟೆಗೆ, ಗಿಡಕ್ಕೆ, ಆಮೇಲೆ ಕೊಡ. ಬೇಸಿಗೆಯಲ್ಲಿ ನೀರು ಚೆಲ್ಲಿ ಅಂತ ಯಾರಿಗೂ ಹೇಳಲಾರೆ, ಒಂದು ಹನಿಯನ್ನೂ ಚೆಲ್ಲದೆ ಇದನ್ನು ಮಾಡಬಹುದು.

ಕುದಿಸಿದರೆ ಸೀಸ ಹೋಗಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿ ಆಗುತ್ತದೆ. ಗೀಸರಿನ ಬಿಸಿನೀರು ಸೀಸವನ್ನು ಬೇಗ ಕರಗಿಸುತ್ತದೆ, ಅದನ್ನು ಅನ್ನಕ್ಕೆ, ಮಗುವಿನ ಹಾಲಿನ ಪುಡಿಗೆ ಬಳಸಲೇಬೇಡಿ. ಬೆಳಕಿನಿಂದ ರೋಗಾಣು ಕೊಲ್ಲುವ ಬರೀ ಯುವಿ ಫಿಲ್ಟರು ಸೀಸ ತೆಗೆಯಲ್ಲ, ಸೂಕ್ಷ್ಮ ಪೊರೆಯಲ್ಲಿ ನೀರು ಸೋಸುವ ಆರ್‌ಒ ತೆಗೆಯುತ್ತದೆ. ಆದ್ರೆ ಆರ್‌ಒ ನೀರಲ್ಲಿ ಖನಿಜ ಕಡಿಮೆ, ಅದು ಲೋಹವನ್ನು ಹೆಚ್ಚು ಕಚ್ಚುತ್ತದೆ, ಹಾಗಾಗಿ ಆರ್‌ಒ ಯಂತ್ರಕ್ಕೆ ಹಿತ್ತಾಳೆ ನಳ ಕೂಡಿಸಬೇಡಿ.

ಬಾಡಿಗೆ ಮನೆಯವರು ಪೈಪು ಕೀಳಲಾಗದಿದ್ದರೂ ಬೆಳಗಿನ ಮೊದಲ ನೀರು ಪಾತ್ರೆ ತೊಳೆಯಲು ಹಿಡಿದಿಡಬಹುದು, ನಳದ ಜಾಲಿ ಆಗಾಗ ಬಿಚ್ಚಿ ತೊಳೆಯಬಹುದು, ಅಕ್ಕಪಕ್ಕದ ಮನೆಯವರು ಸೇರಿ ಒಂದೇ ಸಲ ಲ್ಯಾಬಿಗೆ ಬಾಟಲಿ ಒಯ್ಯಬಹುದು. ಬಾಟಲಿಯ ತಳದಲ್ಲಿ ಲ್ಯಾಬಿನವರು ಆಸಿಡ್ ಹನಿ ಹಾಕಿ ಕೊಟ್ಟಿದ್ದರೆ ತೊಳೆಯಬೇಡಿ, ಅದು ಇರಲೇಬೇಕು, ಮಕ್ಕಳ ಕೈಗೆ ಮಾತ್ರ ಸಿಗದಂತೆ ಇಡಿ.