ಡಚ್ ಗಾಳಿಗಿರಣಿ ನಡೆಸುವ ಕ್ರಮ

ನೆದರ್ಲೆಂಡ್ಸ್‌ನ ಹಾರ್ಲೆಮ್ ಪಟ್ಟಣದ ಸ್ಪಾರ್ನ ನದಿ ದಂಡೆಯಲ್ಲಿರುವ ದೆ ಆದ್ರಿಯಾನ್ ಗಿರಣಿ ಶುರುವಾದದ್ದು 1779ರಲ್ಲಿ. ಆದ್ರಿಯಾನ್ ದೆ ಬೋಯ್ಸ್ ಅದನ್ನು ಹಳೆಯ ಕೋಟೆ ಬುರುಜಿನ ಅಡಿಪಾಯದ ಮೇಲೆ ಕಟ್ಟಿಸಿದ. ಮೊದಲು ಅಲ್ಲಿ ಪುಡಿಯಾಗುತ್ತಿದ್ದುದು ಧಾನ್ಯವಲ್ಲ, ಗಾರೆಗೆ ಬೇಕಾದ ಕಲ್ಲು, ಚಿಪ್ಪು ಮತ್ತು ಚರ್ಮ ಹದ ಮಾಡುವ ಓಕ್ ತೊಗಟೆ. 1802ರಿಂದ ನಶ್ಯಕ್ಕೆ ಹೊಗೆಸೊಪ್ಪು, ಮುಂದೆ ಧಾನ್ಯ. 1932ರ ಏಪ್ರಿಲ್ 23ರಂದು ಸುಟ್ಟುಹೋದ ಗಿರಣಿ ಮತ್ತೆ ಬಾಗಿಲು ತೆರೆದದ್ದು ಸರಿಯಾಗಿ 70 ವರ್ಷಕ್ಕೆ, 2002ರ ಅದೇ ದಿನ. ಇಂಥ ಎತ್ತರದ ಗಿರಣಿಗಳಿಗೆ ಸುತ್ತಲೂ ಮರದ ಜಗಲಿ ಇರುತ್ತದೆ. ಊರಿನ ಮನೆಗಳು ಗಾಳಿಗೆ ಅಡ್ಡ ಬರುವುದರಿಂದ ರೆಕ್ಕೆಗಳು ಮೇಲಿರಬೇಕು, ರೆಕ್ಕೆಗಳನ್ನು ಕೈಯಿಂದ ಮುಟ್ಟಿ ಕೆಲಸ ಮಾಡಲು ಆಳೂ ಮೇಲಿರಬೇಕು. ಈ ಬಗೆಯ ಧಾನ್ಯದ ಗಿರಣಿ ನಡೆಸುವ ಕ್ರಮ ಹೀಗಿದೆ.

ಮೊದಲು ಆಕಾಶ ನೋಡಿ. ಮಳೆಮೋಡ ಕಟ್ಟುತ್ತಿದ್ದರೆ ಅದರ ಮುಂದೆಯೇ ಬಿರುಗಾಳಿ ನುಗ್ಗುತ್ತದೆ, ದಿಕ್ಕೂ ಬದಲಾಗುತ್ತದೆ. ಬಳಿಕ ಗಿರಣಿಯ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸಿ. ತಲೆಯ ಹಿಂಬದಿಯಿಂದ ಜಗಲಿಯವರೆಗೆ ಇಳಿದಿರುವ ಬಾಲದ ತೊಲೆಯಲ್ಲಿ ಒಂದು ರಾಟೆ ಇದೆ. ಅದರ ಸರಪಳಿಯನ್ನು ಜಗಲಿಯ ಗೂಟಕ್ಕೆ ಸಿಕ್ಕಿಸಿ ರಾಟೆ ತಿರುಗಿಸಿದರೆ ಇಡೀ ತಲೆ, ರೆಕ್ಕೆ ಸಮೇತ, ಮೆಲ್ಲಗೆ ಹೊರಳುತ್ತದೆ. ದಿಕ್ಕು ಸಿಕ್ಕ ಮೇಲೆ ಎರಡೂ ಕಡೆ ಸರಪಳಿ ಬಿಗಿಯಿರಿ. ಗಾಳಿ ಬೆನ್ನಿಂದ ಹೊಡೆದರೆ ರೆಕ್ಕೆ ಹಿಮ್ಮುಖವಾಗಿ ತಿರುಗಲು ಒತ್ತಡ ಬೀಳುತ್ತದೆ, ತಲೆಯೇ ಮೇಲೇಳುವ ಅಪಾಯವೂ ಉಂಟು.

ರೆಕ್ಕೆ ಕಟ್ಟಿದ ಸರಪಳಿ ಮತ್ತು ಸಿಡಿಲನ್ನು ನೆಲಕ್ಕಿಳಿಸುವ ತಂತಿ ಬಿಚ್ಚಿ. ಈಗ ಹಾಯಿಬಟ್ಟೆ. ಕೆಳಗೆ ಬಂದು ನಿಂತ ರೆಕ್ಕೆಯ ಮರದ ಜಾಲರಿ ಹತ್ತಿ, ಸುತ್ತಿಟ್ಟ ಬಟ್ಟೆ ಬಿಡಿಸಿ ಅಂಚನ್ನು ಕಟ್ಟಬೇಕು. ಬ್ರೇಕ್ ಸಡಿಲಿಸಿ ಮುಂದಿನ ರೆಕ್ಕೆ ಕೆಳಗೆ ತಂದು, ಬ್ರೇಕ್ ಹಾಕಿ, ಮತ್ತೆ ಹತ್ತಬೇಕು. ಮಂದಗಾಳಿಗೆ ನಾಲ್ಕಕ್ಕೂ ಪೂರ್ತಿ ಬಟ್ಟೆ. ಗಾಳಿ ಏರಿದಂತೆ ಅರ್ಧ ಅಥವಾ ಇನ್ನೂ ಕಡಿಮೆ. ಜೋರಾದರೆ ಬರಿಯ ಜಾಲರಿಯೇ ಸಾಕು. ಎದುರು ಬದುರಿನ ಎರಡು ರೆಕ್ಕೆಗೆ ಯಾವಾಗಲೂ ಸಮ ಬಟ್ಟೆ ಇರಲಿ, ಇಲ್ಲವಾದರೆ ತೂಕ ತಪ್ಪಿ ಗಿರಣಿ ಕುಲುಕುತ್ತದೆ.

ರೆಕ್ಕೆ ಹೊರಡುವ ಮೊದಲು ಆ ಬದಿಯ ಜಗಲಿಗೆ ಯಾರೂ ಬಾರದಂತೆ ತಡೆ ಹಾಕಿ. ಗಿರಣಿಗೆ ಎದುರುಬದುರು ಎರಡು ಬಾಗಿಲು ಇರುವುದೇ ಇದಕ್ಕಾಗಿ: ರೆಕ್ಕೆ ತಿರುಗುವ ಕಡೆಯದನ್ನು ಮುಚ್ಚಿ ಇನ್ನೊಂದರಿಂದ ಓಡಾಡಬಹುದು.

ಬ್ರೇಕಿನ ವಿಷಯ ಚೆನ್ನಾಗಿ ತಿಳಿದಿರಬೇಕು. ತಲೆಯೊಳಗಿನ ದೊಡ್ಡ ಹಲ್ಲಿನ ಚಕ್ರದ ಸುತ್ತ ಮರದ ತುಂಡುಗಳು ಅಪ್ಪಿಕೊಂಡಿರುತ್ತವೆ. ಭಾರದ ತೊಲೆಯೊಂದು ಅವನ್ನು ಬಿಗಿಯುತ್ತದೆ. ಜಗಲಿಯಿಂದ ಹಗ್ಗ ಎಳೆದು ತೊಲೆ ಎತ್ತಿ ಕೊಕ್ಕೆಗೆ ಸಿಕ್ಕಿಸಿದರೆ ರೆಕ್ಕೆ ಬಿಡುಗಡೆ. ಕೊಕ್ಕೆ ತಪ್ಪಿಸಿ ಇಳಿಬಿಟ್ಟರೆ ತೊಲೆಯ ಭಾರವೇ ಹಿಡಿಯುತ್ತದೆ. ಬಿರುಸಿನಲ್ಲಿ ಓಡುವ ಗಿರಣಿಯನ್ನು ಬಹಳ ಹೊತ್ತು ಉಜ್ಜಿಸಿ ನಿಲ್ಲಿಸಹೋದರೆ ಮರ ಹೊತ್ತಿಕೊಳ್ಳುತ್ತದೆ. ಎಷ್ಟೋ ಗಿರಣಿಗಳು ಬ್ರೇಕಿನ ಕಿಡಿಯಿಂದಲೇ ಸುಟ್ಟಿವೆ. ಗಾಳಿ ಏರುವ ಮುನ್ನವೇ ನಿಲ್ಲಿಸಿ ಬಟ್ಟೆ ಕಡಿಮೆ ಮಾಡುವುದೊಂದೇ ಸರಿಯಾದ ದಾರಿ.

ವೇಗವನ್ನು ಒಂದು ನಿಮಿಷದಲ್ಲಿ ಕಣ್ಣೆದುರು ಹಾದುಹೋಗುವ ರೆಕ್ಕೆತುದಿಗಳಿಂದ ಎಣಿಸುತ್ತಾರೆ. 60ರಿಂದ 80 ತುದಿ, ಎಂದರೆ 15ರಿಂದ 20 ಸುತ್ತು, ಬೀಸಲು ಹದವಾದ ವೇಗ. ತಲೆಯ ಚಕ್ರದಿಂದ ನಡುವಿನ ನೆಟ್ಟನೆಯ ಕಂಬಕ್ಕೆ, ಅಲ್ಲಿಂದ ದೊಡ್ಡ ಹಲ್ಲುಚಕ್ರಕ್ಕೆ, ಕೊನೆಗೆ ಕಲ್ಲಿನ ಚಿಕ್ಕ ಚಕ್ರಕ್ಕೆ ಶಕ್ತಿ ಇಳಿಯುವಾಗ ವೇಗ ಹೆಚ್ಚುತ್ತದೆ: ರೆಕ್ಕೆಯ ಒಂದು ಸುತ್ತಿಗೆ ಕಲ್ಲು ಸುಮಾರು 5–6 ಸುತ್ತು. ಹಲ್ಲುಗಳು ಗಟ್ಟಿಮರದವು, ಅವಕ್ಕೆ ಜೇನುಮೇಣ ಸವರಬೇಕು. ರೆಕ್ಕೆಯ ಅಚ್ಚು ಕೂರುವ ಕಲ್ಲಿನ ಬೇರಿಂಗಿಗೆ ಹಂದಿಕೊಬ್ಬು, ಒಣಗಿದರೆ ಕಾಯುತ್ತದೆ.

ನಮ್ಮ ಬೀಸುಕಲ್ಲಿನ ಹಾಗೆ ಇಲ್ಲಿಯೂ ಕೆಳಕಲ್ಲು ಸ್ಥಿರ, ಮೇಲ್ಕಲ್ಲು ತಿರುಗುತ್ತದೆ, ಕಾಳು ನಡುವಿನ ಕಣ್ಣಿಗೆ ಬೀಳುತ್ತದೆ. ಸುತ್ತುವ ಸಲಾಕೆ ತಟ್ಟುತ್ತಾ ಕಾಳು ಉದುರಿಸುವುದರಿಂದ ವೇಗ ಹೆಚ್ಚಿದಷ್ಟೂ ಕಾಳೂ ಹೆಚ್ಚು. ಆಗ ಮೇಲ್ಕಲ್ಲು ಏಳಲು ನೋಡುತ್ತದೆ, ಹಿಟ್ಟು ತರಿಯಾಗುತ್ತದೆ. ವೇಗ ಏರಿದಂತೆ ಹೊರಚಾಚುವ ಗುಂಡುಗಳಿರುವ ನಿಯಂತ್ರಕ ಸಾಧನವೊಂದು ಮೇಲ್ಕಲ್ಲನ್ನು ತಗ್ಗಿಸಿ ಅಂತರ ಕಾಯುತ್ತದೆ. ಆದರೂ ಇಳಿಯುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಲೇ ಇರಿ. ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಕಲ್ಲು ಒತ್ತುತ್ತಿದೆ, ತುಸು ಎತ್ತಿ. ಅಂತರ ಸರಿಯಿದ್ದೂ ಹಿಟ್ಟು ಬಿಸಿಯಾಗುತ್ತಿದ್ದರೆ ಕಲ್ಲಿನ ಕಚ್ಚು ಸವೆದಿದೆ. ಮೇಲ್ಕಲ್ಲು ಎತ್ತಿ ಮಗುಚಿ ಉಳಿಸುತ್ತಿಗೆಯಿಂದ ಕಚ್ಚು ಹೊಡೆಯಬೇಕು. ಕಾಳಿಲ್ಲದೆ ಕಲ್ಲು ಓಡಿಸಲೇಬೇಡಿ: ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರುತ್ತದೆ. ಕಾಳು ಮುಗಿಯುತ್ತಾ ಬಂದಾಗ ಬಾರಿಸುವ ಗಂಟೆಯನ್ನು ತೊಟ್ಟಿಗೆ ಕಟ್ಟಿರುವುದು ಇದಕ್ಕೇ.

ಕೆಲಸ ಮುಗಿದ ಮೇಲೆ ಬಟ್ಟೆ ಸುತ್ತಿ, ರೆಕ್ಕೆಗೆ ಸರಪಳಿ ಬಿಗಿದು, ಸಿಡಿಲಿನ ತಂತಿ ಮರಳಿ ಜೋಡಿಸಿ. ನಿಂತ ರೆಕ್ಕೆಗೂ ಡಚ್ ನಾಡಿನಲ್ಲಿ ಅರ್ಥವಿದೆ: ಮೇಲಿನ ರೆಕ್ಕೆ ತುತ್ತತುದಿ ಮುಟ್ಟುವ ಸ್ವಲ್ಪ ಮುಂಚೆ ನಿಂತರೆ ಸಂತಸದ ಸುದ್ದಿ, ದಾಟಿ ನಿಂತರೆ ಸಾವಿನ ಸೂತಕ. ಬಟ್ಟೆ ಒದ್ದೆಯಾಗಿದ್ದರೆ ಸುತ್ತಿ ಬಿಡಬೇಡಿ, ಕೊಳೆಯುತ್ತದೆ. ಮೊದಲ ಒಣಗಾಳಿಗೇ ಬಿಡಿಸಿ ಒಣಗಿಸಿ.