ಅರಿವಳಿಕೆ ಕೊಡುವ ಮುಂಚೆ ನಾನು ಏನು ನೋಡುತ್ತೇನೆ

ಆಪರೇಷನ್‌ಗೆ ಬರುವವರ ಫೈಲನ್ನು ನಾನು ಆಮೇಲೆ ತೆರೆಯುತ್ತೇನೆ. ಮೊದಲು ಅವರು ನಡೆದು ಬರುವುದನ್ನು ನೋಡುತ್ತೇನೆ. ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಏದುಸಿರು ಬರುತ್ತಿದೆಯಾ? ಒಂದು ಮಾತನ್ನು ಪೂರ್ತಿ ಹೇಳಿ ಮುಗಿಸಲು ಆಗುತ್ತಿದೆಯಾ?

ಅರಿವಳಿಕೆ ಕೊಡುವ ನಾವೆಲ್ಲ ಎಎಸ್‌ಎ ಗ್ರೇಡ್ ಹಾಕುತ್ತೇವೆ, ಅಂದರೆ ರೋಗಿಯ ದೇಹಸ್ಥಿತಿ ಎಷ್ಟು ಚೆನ್ನಾಗಿದೆ ಅಂತ ಒಂದು ಅಂಕ ಕೊಡುತ್ತೇವೆ. 1941ರಲ್ಲಿ ಅಮೆರಿಕದಲ್ಲಿ ಶುರುವಾಗಿ, ಆಮೇಲೆ ತಿದ್ದುಪಡಿ ಆಗುತ್ತಾ ಬಂದ ಪದ್ಧತಿ ಅದು. ಆರೋಗ್ಯವಂತರಿಗೆ 1, ಶುಗರ್ ಹತೋಟಿಯಲ್ಲಿದ್ದರೆ 2, ಹತೋಟಿ ತಪ್ಪಿದ್ದರೆ 3, ಹೀಗೆ ಏರುತ್ತದೆ. ಆದರೆ ಅದು ಹೇಳುವುದು ದೇಹಸ್ಥಿತಿಯನ್ನು ಮಾತ್ರ. ಗ್ರೇಡ್ 3 ಇರುವವರಿಗೆ ಕಣ್ಣಿನ ಪೊರೆ ತೆಗೆಯುವುದು ಬೇರೆ, ಹೊಟ್ಟೆ ತೆರೆದು ದೊಡ್ಡ ಆಪರೇಷನ್ ಮಾಡುವುದು ಬೇರೆ, ಅಲ್ವಾ?

ನಾನು ಜಾಸ್ತಿ ಹೊತ್ತು ನಿಲ್ಲುವುದು ಮೆಟ್ಟಿಲಿನ ಪ್ರಶ್ನೆಯಲ್ಲಿ. ಎರಡು ಮಹಡಿ ನಿಲ್ಲದೆ ಹತ್ತುವವರ ಹೃದಯ, ಶ್ವಾಸಕೋಶದ ಬಗ್ಗೆ ಸ್ವಲ್ಪ ಧೈರ್ಯ ಬರುತ್ತದೆ. ಆದರೆ ಸುಮ್ನೆ ‘ಏದುಸಿರು ಬರುತ್ತಾ?’ ಎಂದರೆ ‘ಇಲ್ಲ’ ಎಂದುಬಿಡುತ್ತಾರೆ. ಮಂಡಿ ಆಪರೇಷನ್‌ಗೆ ಬಂದಿದ್ದ ಒಬ್ಬ ಹಿರಿಯರೂ ಹಾಗೇ ಅಂದರು.

‘ಕೊನೇ ಸಲ ಮಹಡಿ ಹತ್ತಿದ್ದು ಯಾವಾಗಮ್ಮಾ?’

‘ಮಂಡಿ ನೋವಲ್ವಾ ಡಾಕ್ಟ್ರೇ, ಹತ್ತೋದು ಬಿಟ್ಟು ವರ್ಷದ ಮೇಲಾಯ್ತು.’

ಏದುಸಿರು ಬರುವಷ್ಟು ಅವರು ನಡೆದೇ ಇರಲಿಲ್ಲ! ‘ರಾತ್ರಿ ಎರಡು ದಿಂಬು ಇಲ್ದೆ ಅಮ್ಮನಿಗೆ ಮಲಗೋಕೇ ಆಗಲ್ಲ, ಉಸಿರು ಕಟ್ಟುತ್ತೆ’ ಎಂದು ಮಗಳು ಸೇರಿಸಿದರು. ಸ್ಟೆತಸ್ಕೋಪ್ ಇಟ್ಟರೆ ಎದೆಯಲ್ಲಿ ಮರ್ಮರ, ಅಂದರೆ ಹೃದಯದ ಬಡಿತದ ಜೊತೆ ಬರುವ ಅಸಹಜ ಸದ್ದು, ಜೋರಾಗಿ ಕೇಳಿಸಿತು. ಎಕೋದಲ್ಲಿ (ಹೃದಯದ ಸ್ಕ್ಯಾನ್) ನೋಡಿದರೆ ಮಹಾಪಧಮನಿಯ ಕವಾಟ, ಅಂದರೆ ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲು, ತೀರಾ ಕಿರಿದಾಗಿತ್ತು. ಇಂಥವರಿಗೆ ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು ಬಿಪಿ ದಿಢೀರನೆ ಇಳಿದರೆ ಮತ್ತೆ ಮೇಲೆತ್ತುವುದು ಬಹಳ ಕಷ್ಟ. ಮಂಡಿ ಕಾಯಬಹುದು. ಆಪರೇಷನ್ ಮುಂದೂಡಿ ಹೃದ್ರೋಗ ತಜ್ಞರ ಹತ್ತಿರ ಕಳಿಸಿದೆವು.

ಆಮೇಲೆ ಬಾಯಿ ಅಗಲಿಸಿ, ನಾಲಿಗೆ ಚಾಚಿಸಿ ನೋಡುತ್ತೇನೆ. ಕಿರುನಾಲಿಗೆ ಕಾಣದಿದ್ದರೆ, ಕತ್ತು ಹಿಂದಕ್ಕೆ ಬಾಗದಿದ್ದರೆ ಉಸಿರಿನ ಟ್ಯೂಬ್ ಹಾಕುವುದು ಕಷ್ಟವಾಗಬಹುದು. ಅದಕ್ಕೆ ಬೇಕಾದ ಸಲಕರಣೆ ಮೊದಲೇ ಕೈಗೆ ಸಿಗುವಂತೆ ಇರಬೇಕು. ಅಲ್ಲಾಡುವ ಹಲ್ಲು ಇದೆಯಾ ಅಂತಲೂ ಕೇಳುತ್ತೇನೆ.

ಮಾತ್ರೆಗಳ ಹೆಸರು ಕೇಳುವ ಬದಲು ಶೀಟುಗಳನ್ನೇ ತರಿಸುತ್ತೇನೆ. ‘ಶುಗರ್ ಮಾತ್ರೆ’ ಎಂದರೆ ಸಾಲದು. ಡಾಪಾಗ್ಲಿಫ್ಲೋಜಿನ್ ಆಗಿದ್ದರೆ 3 ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಅಷ್ಟೇನೂ ಏರದೆಯೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ.

ಇನ್ನು ಉಪವಾಸ. ಲಘು ಆಹಾರವಾದರೂ 6 ಗಂಟೆ ಮುಂಚೆ ನಿಲ್ಲಿಸಬೇಕು, ಎಣ್ಣೆ ಜಿಡ್ಡಿನ ಊಟವಾದರೆ 8 ಗಂಟೆ. ಹೊಟ್ಟೆಯಿಂದ ಆಹಾರ ಮುಂದಕ್ಕೆ ಹೋಗುವುದು ನಿಧಾನವಾಗುವಂಥ ತೊಂದರೆ ಇಲ್ಲದವರು ಬರೀ ನೀರನ್ನು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ವಯಸ್ಸಾದವರನ್ನು ರಾತ್ರಿಯಿಡೀ ಬಾಯಾರಿಸಿ ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ. ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು ಅಂತ ಚೀಟಿಯಲ್ಲಿ ಬರೆದೇ ಕೊಡುತ್ತೇನೆ.