ಕಾರ್ಡ್ ವಂಚನೆಯಾದರೆ ದುಡ್ಡು ಯಾರದ್ದು ಹೋಗುತ್ತದೆ? ಗಲ್ಲಾದ ಮೇಲೆ ಕೂರುವವರಿಗೆ

ನನ್ನದು ಕ್ಯಾಮೆರಾ ಅಂಗಡಿ. ಒಬ್ಬ ಫೋನಿನಲ್ಲೇ ಎರಡು ಲೆನ್ಸ್ ಆರ್ಡರ್ ಮಾಡಿ ಕಾರ್ಡ್ ನಂಬರ್ ಓದಿ ಹೇಳಿದ. ನಾನು ಅದನ್ನು ಮೆಷಿನ್‌ಗೆ ಒತ್ತಿದೆ, ‘ಅಪ್ರೂವ್ಡ್’ ಅಂತ ಸ್ಲಿಪ್ ಬಂತು. ಸಂಜೆ ಒಬ್ಬ ಹುಡುಗ ಬಂದು ಡಬ್ಬ ಎತ್ತಿಕೊಂಡು ಹೋದ. ಏಳು ವಾರ ಕಳೆದ ಮೇಲೆ ಬ್ಯಾಂಕಿನ ನೋಟಿಸ್: ಕಾರ್ಡಿನ ಒಡೆಯರು ‘ಈ ಖರೀದಿ ನನ್ನದಲ್ಲ’ ಎಂದಿದ್ದಾರೆ. ಅಷ್ಟರಲ್ಲಿ ನನ್ನ ಖಾತೆಯಿಂದ ಹಣ ಪೂರ್ತಿ ವಾಪಸ್ ಹೋಗಿತ್ತು (ಇದಕ್ಕೇ ಚಾರ್ಜ್‌ಬ್ಯಾಕ್ ಅನ್ನುತ್ತಾರೆ), ಅದರ ಶುಲ್ಕ ಬೇರೆ. ಲೆನ್ಸೂ ಹೋಯಿತು, ದುಡ್ಡೂ ಹೋಯಿತು.

‘ಅಪ್ರೂವ್ಡ್’ ಬಂದಿತ್ತಲ್ಲ ಅಂತ ಜಗಳಕ್ಕೆ ಹೋದೆ. ಆಮೇಲೆ ತಿಳಿಯಿತು: ಕಾರ್ಡ್ ಚಾಲ್ತಿಯಲ್ಲಿದೆ, ಮಿತಿ ಉಳಿದಿದೆ, ಕಳವಾಗಿದೆ ಅಂತ ಯಾರೂ ಇನ್ನೂ ಹೇಳಿಲ್ಲ, ಅಷ್ಟೇ ಅದರ ಅರ್ಥ. ಎದುರಿಗಿರುವವನು ಯಾರು ಎಂಬುದು ಆ ಸ್ಲಿಪ್‌ಗೆ ಗೊತ್ತಿಲ್ಲ.

ನಷ್ಟ ಯಾರ ತಲೆಗೆ ಬರುತ್ತದೆ ಅನ್ನುವುದು ಕಾರ್ಡನ್ನು ನೀವು ಹೇಗೆ ತೆಗೆದುಕೊಂಡಿರಿ ಎಂಬುದರ ಮೇಲಿದೆ. ಚಿಪ್ ಒಳಗೆ ಹಾಕಿ ಪಿನ್ ಒತ್ತಿಸಿದ್ದರೆ, ಆ ಮೇಲೆ ವಂಚನೆ ಅಂತ ಬಂದರೂ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕೇ ಹೊರುತ್ತದೆ. ಚಿಪ್ ಇರುವ ಕಾರ್ಡನ್ನು ಚಿಪ್ ಓದದ ಹಳೇ ಮೆಷಿನ್‌ನಲ್ಲಿ ಉಜ್ಜಿದ್ದರೆ ನಕಲಿ ಕಾರ್ಡಿನ ನಷ್ಟ ಅಂಗಡಿಗೆ. ಕಾರ್ಡಿನ ಬೆನ್ನ ಮೇಲಿನ ಕಪ್ಪು ಅಯಸ್ಕಾಂತೀಯ ಪಟ್ಟಿಯಲ್ಲಿರುವ ಮಾಹಿತಿ ಯಾವತ್ತೂ ಒಂದೇ, ಒಮ್ಮೆ ಕದ್ದರೆ ಎಷ್ಟು ಕಾರ್ಡಿಗೆ ಬೇಕಾದರೂ ಬರೆಯಬಹುದು. ಚಿಪ್ ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಈ ಹೊಣೆ ಅಂಗಡಿಯವರ ಕಡೆ ತಿರುಗಿದ್ದು 2015ರ ಅಕ್ಟೋಬರ್‌ನಲ್ಲಿ, ಪೆಟ್ರೋಲ್ ಪಂಪುಗಳಿಗೆ 2021ರ ಏಪ್ರಿಲ್‌ನಲ್ಲಿ. ಯುರೋಪ್ ಅದಕ್ಕಿಂತ ಹತ್ತು ವರ್ಷ ಮೊದಲೇ ಈ ದಾರಿ ಹಿಡಿದಿತ್ತು.

ಕಾರ್ಡೇ ಕಣ್ಣಿಗೆ ಬೀಳದ ವ್ಯಾಪಾರ, ಅಂದರೆ ಫೋನ್, ಆನ್‌ಲೈನ್, ಇಲ್ಲೆಲ್ಲ ಹೊಣೆ ಅಂಗಡಿಯದೇ. ಒಂದು ವಿನಾಯಿತಿ: ಆನ್‌ಲೈನ್‌ನಲ್ಲಿ ಒಟಿಪಿ ಕೇಳುವ ತ್ರೀ-ಡಿ ಸೆಕ್ಯೂರ್ ದಾಟಿ ಬಂದ ಹಣಕ್ಕೆ ವಂಚನೆಯ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಅದಕ್ಕೇ ಈಗ ಫೋನ್ ಗಿರಾಕಿಗಳಿಗೆ ಪೇಮೆಂಟ್ ಲಿಂಕ್ ಕಳಿಸುತ್ತೇನೆ. ‘ಲಿಂಕ್ ಬೇಡ, ನಂಬರ್ ಹೇಳ್ತೀನಿ ಬರ್ಕೊಳ್ಳಿ’ ಅಂದವರಿಗೆ ಮಾಲು ಕೊಡುವುದಿಲ್ಲ. ಮೊದಲು ಕಾರ್ಡಿನ ಬೆನ್ನ ಮೇಲಿನ ಮೂರಂಕಿಯನ್ನೂ (ಸಿವಿವಿ) ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ, ಪೆದ್ದತನ. ವಹಿವಾಟು ಮುಗಿದ ಮೇಲೆ ಅದನ್ನು ಎಲ್ಲೂ ಇಟ್ಟುಕೊಳ್ಳುವ ಹಾಗಿಲ್ಲ.

ಗಲ್ಲಾದ ಎದುರೇ ನಡೆಯುವ ಆಟ ಇನ್ನೊಂದಿದೆ. ಕಾರ್ಡ್ ‘ಡಿಕ್ಲೈನ್ಡ್’ ಆಗುತ್ತದೆ. ಗಿರಾಕಿ ಗಾಬರಿಯಾಗದೆ ಮೊಬೈಲ್ ತೆಗೆದು ‘ಬ್ಯಾಂಕಿಗೆ’ ಫೋನ್ ಮಾಡಿ ಮಾತಾಡಿ, ನಿಮ್ಮ ಕೈಗೇ ಕೊಡುತ್ತಾನೆ. ಆ ಕಡೆಯವರು ಮರ್ಯಾದೆಯಿಂದ ಒಂದು ಅಪ್ರೂವಲ್ ಕೋಡ್ ಹೇಳಿ, ಆಫ್‌ಲೈನ್ ಸೇಲ್ ಅಂತ ಒತ್ತಿ ಅನ್ನುತ್ತಾರೆ. ಹಾಗೆ ಒತ್ತಿದರೆ ಮೆಷಿನ್ ಬ್ಯಾಂಕನ್ನು ಕೇಳದೆ, ನೀವು ಯಾವ ಅಂಕಿ ಕೊಟ್ಟರೂ ಸ್ಲಿಪ್ ಉಗುಳುತ್ತದೆ, ದುಡ್ಡು ನಿಲ್ಲುವುದಿಲ್ಲ. ನನ್ನ ಕೌಂಟರಿನ ಹುಡುಗಿಯ ಕೈಗೆ ಹೀಗೆ ಫೋನ್ ಬಂದಾಗ ಅವಳು, ‘ನಾನೇ ಮಾಡ್ತೀನಿ ಇರಿ ಸಾರ್’ ಅಂತ ಮೆಷಿನ್ ಬೆನ್ನಿಗೆ ಅಂಟಿಸಿದ್ದ ನಮ್ಮ ಬ್ಯಾಂಕಿನ ನಂಬರ್ ಒತ್ತತೊಡಗಿದಳು. ಅವನು ಕಾರ್ಡನ್ನೂ ಕೇಳದೆ ಹೊರಟ. ಆ ನಂಬರ್ ಅಂಟಿಸಿಡಿ.

ಅನುಮಾನ ಮಾರಿದ ಮೇಲೆ ಬಂದರೆ, ಮಾಲು ಇನ್ನೂ ನಿಮ್ಮ ಬಳಿಯೇ ಇದ್ದರೆ, ಅದೇ ಕಾರ್ಡಿಗೆ ರಿಫಂಡ್ ಮಾಡಿಬಿಡಿ. ಬೇರೆ ಕಾರ್ಡಿಗೆ ಹಾಕಿ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಎರಡು ಸಲ ಕಳೆದುಕೊಳ್ಳುತ್ತೀರಿ.

ಚಾರ್ಜ್‌ಬ್ಯಾಕ್ ನೋಟಿಸ್ ಬಂದರೆ ಅಂದೇ ಬಿಚ್ಚಿ. ಉತ್ತರಕ್ಕೆ ಗಡುವು ಇರುತ್ತದೆ, ಮೀರಿದರೆ ಸೋತಂತೆಯೇ. ಮೊದಲು ಕಾರಣದ ಸಂಖ್ಯೆ ನೋಡಿ: ವೀಸಾದಲ್ಲಿ 10.4, ಮಾಸ್ಟರ್‌ಕಾರ್ಡ್‌ನಲ್ಲಿ 4837 ಇದ್ದರೆ ವಂಚನೆಯ ದೂರು. ಚಿಪ್ ಓದಿದ್ದನ್ನು ತೋರಿಸುವ ಸ್ಲಿಪ್ ಅಥವಾ ಒಟಿಪಿ ದಾಟಿದ ದಾಖಲೆ ಕಳಿಸಿ. ‘ನಾವು ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇವೆ’ ಅಂತ ನಾನು ಎರಡು ಪುಟ ಬರೆದಿದ್ದೆ, ಯಾರೂ ಓದಲಿಲ್ಲ. ಇಂಥ ದೂರು ಎತ್ತಲು ಕಾರ್ಡಿನ ಕಡೆಯವರಿಗೆ ಸಾಮಾನ್ಯವಾಗಿ 120 ದಿನ ಅವಕಾಶವಿರುತ್ತದೆ, ಹಾಗಾಗಿ ಸ್ಲಿಪ್‌ಗಳನ್ನು ತಿಂಗಳಿಗೊಂದು ಕವರಿನಲ್ಲಿ ಎರಡು ವರ್ಷ ಇಡುತ್ತೇನೆ. ಸ್ಲಿಪ್‌ನ ಅಕ್ಷರ ಬಿಸಿಲಿಗೆ ಮಾಸುತ್ತದೆ, ಕಿಟಕಿ ಪಕ್ಕ ಬೇಡ.